ಹಿಮದ ಮೇಲೆ ಹೊರಿಸಿದ ತಪ್ಪು

ಸೇನೆಯ ಚೀತಾ ಹೆಲಿಕಾಪ್ಟರ್ ಬಿದ್ದ ಸುದ್ದಿ ಬಂದಾಗಲೆಲ್ಲ ಒಂದೇ ಬಗೆಯ ಸಮಜಾಯಿಷಿಗಳು ಸಾಲುಗಟ್ಟುತ್ತವೆ. ಹವೆ ಕೆಟ್ಟಿತ್ತು. ಪೈಲಟ್ ಎಡವಿರಬೇಕು. ಯಂತ್ರ ಗಟ್ಟಿಮುಟ್ಟಾಗಿಯೇ ಇದೆ. ಅಷ್ಟು ಎತ್ತರಕ್ಕೆ ಹೋಗಬಲ್ಲದ್ದು ಅದೊಂದೇ. ಹೊಸದು ಬರುತ್ತಿದೆ, ತಾಳಿ. ಬಿಡಿಬಿಡಿಯಾಗಿ ಕೇಳಿದರೆ ಒಂದೊಂದೂ ಹೌದೆನ್ನಿಸುವ ಮಾತೇ. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಒಂದರ ಕಾಲನ್ನು ಇನ್ನೊಂದು ಎಳೆಯುವುದು ಕಾಣುತ್ತದೆ. ತೀರ್ಪು ಓದುಗರದು. ನಾನು ಆ ಮಾತುಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ, ಅಷ್ಟೆ.

ಅದಕ್ಕೂ ಮೊದಲು ನಮ್ಮ ವಾದ ಏನೆಂದು ಹೇಳಿಬಿಡಬೇಕು. ನಾವು ಹೇಳದ್ದನ್ನು ನಮ್ಮ ಬಾಯಲ್ಲಿಟ್ಟು ಅದಕ್ಕೆ ಉತ್ತರಿಸುವ ರೂಢಿ ಎದುರು ಪಾಳಯದಲ್ಲಿದೆ. ಚೀತಾ ಕೆಟ್ಟ ಯಂತ್ರವೆಂದು ನಾವು ಹೇಳಿಲ್ಲ. ಫ್ರಾನ್ಸಿನಲ್ಲಿ ಲಾಮಾ ಎಂಬ ಹೆಸರಿನಲ್ಲಿ 1969ರ ಮಾರ್ಚ್‌ನಲ್ಲಿ ಮೊದಲು ಹಾರಿದ, 1970ರ ಒಪ್ಪಂದದಂತೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಈ ಪುಟ್ಟ ಹೆಲಿಕಾಪ್ಟರ್ ದೇಶಕ್ಕೆ ಮಾಡಿದ ಸೇವೆ ದೊಡ್ಡದು. 1984ರ ಏಪ್ರಿಲ್ 13ರಂದು ಸಿಯಾಚಿನ್‌ನ ಬಿಲಾಫಾಂಡ್ ಲಾ ಕಣಿವೆದಾರಿಯ ಮೇಲೆ ಮೊದಲ ಸೈನಿಕರನ್ನು ಇಳಿಸಿದ್ದು ಇದೇ. ಅದರ ಕಾಲ ಮುಗಿದಿದೆ, ಅದು ಗೊತ್ತಿದ್ದೂ ಎರಡು ದಶಕ ಸುಮ್ಮನೆ ಕಳೆಯಲಾಗಿದೆ, ಆ ವಿಳಂಬದ ಬೆಲೆಯನ್ನು ಪೈಲಟ್‌ಗಳು ಪ್ರಾಣದಲ್ಲಿ ತೆತ್ತಿದ್ದಾರೆ. ಇದು ನಮ್ಮ ವಾದ.

ಮೊದಲನೆಯದು, ಹವೆ. ಹಿಮಾಲಯದ ಹವೆಯೇ ಕೊಂದಿತು, ಯಂತ್ರವಲ್ಲ ಎನ್ನುತ್ತಾರೆ. 2023ರ ಮಾರ್ಚ್ 16ರಂದು ಅರುಣಾಚಲದ ಸೆಂಗೆಯಿಂದ ಅಸ್ಸಾಮಿನ ಮಿಸ್ಸಾಮಾರಿಗೆ ಹೊರಟ ಚೀತಾ ಬೆಳಿಗ್ಗೆ 9.15ರ ಸುಮಾರಿಗೆ ಸಂಪರ್ಕ ಕಡಿದುಕೊಂಡಿತು. ಬೊಮ್‌ಡಿಲಾದ ಪಶ್ಚಿಮಕ್ಕೆ, ಮಂಡಲಾ ಬೆಟ್ಟಗಳಲ್ಲಿ ಅದರ ಅವಶೇಷ ಸಿಕ್ಕಿತು. ಲೆಫ್ಟಿನೆಂಟ್ ಕರ್ನಲ್ ವಿನಯ್ ಭಾನು ರೆಡ್ಡಿ, ಮೇಜರ್ ಜಯಂತ್ ಇಬ್ಬರೂ ಉಳಿಯಲಿಲ್ಲ. ಐದು ಮೀಟರ್ ಆಚೆ ಕಾಣದಷ್ಟು ಮಂಜು ಮುಸುಕಿತ್ತೆಂದು ಆ ದಿನ ಪೊಲೀಸರು ಹೇಳಿದ್ದರು. ಮಂಜಿತ್ತು, ಒಪ್ಪಿದೆ. ಆದರೆ ಆ ಬೆಟ್ಟದಲ್ಲಿ ಮಂಜು ಅಪರೂಪದ ಅತಿಥಿಯೇ? ಕೆಲಸ ಮಾಡಬೇಕಾದ ಜಾಗದ ಹವೆ ಹೇಗಿರುತ್ತದೆಂದು ಐವತ್ತು ವರ್ಷದಿಂದ ಬಲ್ಲವರು ಅದನ್ನೇ ಅನಿರೀಕ್ಷಿತ ಕಾರಣವೆಂದು ತೋರಿಸುವಂತಿಲ್ಲ. ಚೀತಾದಲ್ಲಿ ಹವಾಮಾನ ರೇಡಾರ್ ಇಲ್ಲ. ನೆಲ ಹತ್ತಿರ ಬಂದಿದೆಯೆಂದು ಎಚ್ಚರಿಸುವ ವ್ಯವಸ್ಥೆ ಇಲ್ಲ. ಆಟೊಪೈಲಟ್ ಇಲ್ಲ. ಹೆಲಿಕಾಪ್ಟರ್ ಈಗ ಯಾವ ಗುಡ್ಡದ ಪಕ್ಕದಲ್ಲಿದೆಯೆಂದು ಪರದೆಯ ಮೇಲೆ ತೋರಿಸುವ ಚಲಿಸುವ ನಕಾಶೆ ಇಲ್ಲ. ಮಂಜು ಪೈಲಟ್‌ನ ಕಣ್ಣು ಕಟ್ಟಿದ ಗಳಿಗೆಯಲ್ಲಿ ಕಣ್ಣಿನ ಕೆಲಸ ಮಾಡಬೇಕಾದವು ಇವೇ. ಆದ್ದರಿಂದ ಹವೆ ಕಾರಣವೆಂದು ವಾದಿಸುವವರು ತಮಗೆ ತಿಳಿಯದೆಯೇ ನಮ್ಮ ಸಾಕ್ಷಿಯಾಗಿದ್ದಾರೆ. ಹವೆ ಕೆಟ್ಟಷ್ಟೂ ಯಂತ್ರದ ಕೊರತೆ ಎದ್ದು ಕಾಣುತ್ತದೆ.

ಎರಡನೆಯದು ಹೆಚ್ಚು ನೋವಿನದು. ಪೈಲಟ್‌ನ ತಪ್ಪು. ವಾಯುಪಡೆಯಲ್ಲಿ 2017ರಿಂದ 2022ರವರೆಗೆ ನಡೆದ 34 ವಿಮಾನ ಅಪಘಾತಗಳ ಲೆಕ್ಕವನ್ನು ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿ 2024ರ ಡಿಸೆಂಬರ್‌ನಲ್ಲಿ ಮುಂದಿಟ್ಟಿತು. ಕಾರಣಗಳ ಪಟ್ಟಿಯಲ್ಲಿ ಮುಂದಿದ್ದದ್ದು ಮಾನವ ದೋಷ. ಅದನ್ನು ಹಿಡಿದು, ಯಂತ್ರ ಬದಲಿಸಿದರೆ ಮನುಷ್ಯ ಬದಲಾಗುತ್ತಾನೆಯೇ ಎಂದು ಕೇಳುತ್ತಾರೆ. ಕೇಳುವವರು ಒಮ್ಮೆ ಚೀತಾದ ಕೆಲಸವನ್ನು ಹತ್ತಿರದಿಂದ ನೋಡಬೇಕು. ಹತ್ತೊಂಬತ್ತು, ಇಪ್ಪತ್ತು ಸಾವಿರ ಅಡಿಯಲ್ಲಿ ಗಾಳಿ ತೆಳು. ರೆಕ್ಕೆ ಎತ್ತಬಲ್ಲ ಭಾರ ಕಡಿಮೆ, ಎಂಜಿನ್ ಕೊಡುವ ಬಲವೂ ಕಡಿಮೆ. ಇರುವುದು ಒಂದೇ ಎಂಜಿನ್. ಅತಿ ಎತ್ತರದ ಠಾಣೆಗೆ ಒಂದು ಸಲಕ್ಕೆ ಒಯ್ಯಬಹುದಾದದ್ದು ಕೆಲವೇ ಕಿಲೊ, ಒಂದೆರಡು ಜೆರಿಕ್ಯಾನ್ ಸೀಮೆಎಣ್ಣೆಯಷ್ಟು. ಇಳಿಯುವ ಜಾಗವೆಂದರೆ ಹಿಮವನ್ನು ತುಳಿದು ಗಟ್ಟಿಮಾಡಿದ ಇಕ್ಕಟ್ಟಿನ ಕಟ್ಟೆ. ರೆಕ್ಕೆಯ ಗಾಳಿಗೆ ಹಿಮದ ಪುಡಿ ಎದ್ದು ಸುತ್ತಲೂ ಬಿಳಿ ಕವಿಯುತ್ತದೆ, ನೆಲ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂಬುದೇ ಅಳಿಸಿಹೋಗುತ್ತದೆ. ಎಂಜಿನ್ ಆರಿಸಿದರೆ ಮತ್ತೆ ಹೊತ್ತಿಕೊಳ್ಳುವ ಖಾತ್ರಿಯಿಲ್ಲದ್ದರಿಂದ ರೆಕ್ಕೆ ತಿರುಗುತ್ತಿರುವಾಗಲೇ ಸಾಮಾನು ಇಳಿಸಿ, ಕಾಯಿಲೆಯವನನ್ನು ಹತ್ತಿಸಿ, ಕೆಲವೇ ಕ್ಷಣಗಳಲ್ಲಿ ಅಲ್ಲಿಂದ ಎದ್ದುಬಿಡಬೇಕು. ಇಂಥ ಕೆಲಸದಲ್ಲಿ ಒಂದು ಸಣ್ಣ ತಪ್ಪನ್ನೂ ತಡೆದುಕೊಳ್ಳುವ ಶಕ್ತಿಯನ್ನು ಯಂತ್ರಕ್ಕೆ ಕೊಡದೆ, ಆಮೇಲೆ ತಪ್ಪನ್ನು ಮನುಷ್ಯನ ಹೆಸರಿಗೆ ಬರೆಯುವುದು ಯಾವ ನ್ಯಾಯ?

2021ರ ಡಿಸೆಂಬರ್ 8ರಂದು ಕೂನೂರಿನಲ್ಲಿ ಜನರಲ್ ಬಿಪಿನ್ ರಾವತ್ ಅವರಿದ್ದ ಎಂಐ-17 ವಿ5 ಬಿದ್ದಾಗ ತನಿಖೆ ಹೇಳಿದ್ದೇನು? ಹವೆ ಹಠಾತ್ತನೆ ಬದಲಾಗಿ ಹೆಲಿಕಾಪ್ಟರ್ ಮೋಡದೊಳಗೆ ಹೊಕ್ಕಿತು, ಪೈಲಟ್‌ಗೆ ದಿಕ್ಕಿನ ಅರಿವು ತಪ್ಪಿತು, ಸುಸ್ಥಿತಿಯಲ್ಲಿದ್ದ ಯಂತ್ರವೇ ಗುಡ್ಡಕ್ಕೆ ಬಡಿಯಿತು ಎಂದು. ಅದು ಎರಡು ಎಂಜಿನ್‌ನ, ಹೊಸ ತಲೆಮಾರಿನ ಉಪಕರಣಗಳ ಹೆಲಿಕಾಪ್ಟರ್. ನೋಡಿ, ಉಪಕರಣ ಇದ್ದೂ ಆಯಿತಲ್ಲ ಎಂದು ಎದುರಾಳಿಗಳು ಇದನ್ನೇ ನಮ್ಮತ್ತ ತಿರುಗಿಸುತ್ತಾರೆ. ತಿರುಗಿಸಲಿ. ನೆರವು ಇದ್ದವನನ್ನೇ ಮೋಡ ದಾರಿ ತಪ್ಪಿಸಬಲ್ಲದು ಎಂದಾದರೆ, ನೆರವೇ ಇಲ್ಲದ ಚೀತಾದ ಪೈಲಟ್‌ಗೆ ಆ ಅಪಾಯ ಹೆಚ್ಚೋ ಕಡಿಮೆಯೋ? ಈ ಪ್ರಶ್ನೆಗೆ ಉತ್ತರ ಬರುವ ಬದಲು ಮಾತು ಬೇರೆ ಕಡೆಗೆ ಹೊರಳುತ್ತದೆ. ಪೈಲಟ್‌ನ ತಪ್ಪು ಎನ್ನುವವರು ಇದನ್ನೂ ನೋಡಲಿ: 2022ರ ಮಾರ್ಚ್ 11ರಂದು ಕಾಶ್ಮೀರದ ಗುರೇಜ್‌ನ ಹಿಮದಲ್ಲಿ ಬಿದ್ದ ಚೀತಾ ಹೋಗಿದ್ದು ಕಾಯಿಲೆಬಿದ್ದ ಗಡಿ ಭದ್ರತಾ ಪಡೆಯ ಯೋಧನನ್ನು ಕರೆತರಲು. ಮೇಜರ್ ಸಂಕಲ್ಪ್ ಯಾದವ್ ಪ್ರಾಣ ಕೊಟ್ಟರು. ಹವೆ ಸರಿಯಿಲ್ಲ, ಹೋಗುವುದಿಲ್ಲ ಎಂದು ಕೂತಿದ್ದರೆ ಅವರು ಉಳಿಯುತ್ತಿದ್ದರೇನೋ. ಹೋಗಿದ್ದನ್ನು ತಪ್ಪೆಂದು ಕರೆಯುವ ಧೈರ್ಯ ಯಾರಿಗಿದೆ?

ಮೂರನೆಯದನ್ನು ಬೇಗ ಮುಗಿಸಬಹುದು. ಯಂತ್ರಕ್ಕೆ ವಯಸ್ಸಿಲ್ಲ, ಭಾಗಗಳನ್ನು ಗಂಟೆಯ ಲೆಕ್ಕದಲ್ಲಿ ಬದಲಿಸುತ್ತ ಹೋದರೆ ಅದು ಸದಾ ಹೊಸದೇ ಎನ್ನುತ್ತಾರೆ. ಗೇರ್‌ಬಾಕ್ಸ್, ರೆಕ್ಕೆ, ಎಂಜಿನ್ ಬದಲಾಗುತ್ತವೆ, ನಿಜ. ವಿನ್ಯಾಸ ಬದಲಾಗುತ್ತದೆಯೇ? ಬಿಡಿಭಾಗ ಎಷ್ಟು ಹೊಸದಾದರೂ ಅದು ಕೂರುವುದು 1960ರ ದಶಕದ ನಕಾಶೆಯೊಳಗೆ. ಲಾಮಾದ ತಯಾರಿಕೆಯನ್ನು ಅದನ್ನು ಹೆತ್ತ ಫ್ರೆಂಚ್ ಕಂಪನಿಯೇ 1989ರಲ್ಲಿ ನಿಲ್ಲಿಸಿತು. ಇನ್ನೊಂದು ತೊಡಕೂ ಇದೆ. ಯಂತ್ರ ಸದಾ ಹೊಸದೇ ಆಗಿದ್ದರೆ ಬದಲಿ ಯಂತ್ರಕ್ಕಾಗಿ ಸೇನೆ ಇಪ್ಪತ್ತು ವರ್ಷದಿಂದ ಟೆಂಡರ್ ಮೇಲೆ ಟೆಂಡರ್ ಕರೆದದ್ದೇಕೆ? ಚೀತಾ ಸುರಕ್ಷಿತ ಎನ್ನುವವರೂ ಬದಲಿ ಬರುತ್ತಿದೆ ತಾಳಿ ಎನ್ನುವವರೂ ಬಹುಪಾಲು ಒಂದೇ ಜನ. ಎರಡರಲ್ಲಿ ಒಂದನ್ನು ಅವರು ಕೈಬಿಡಲೇಬೇಕು.

ಈಗ ಅವರ ಬಲವಾದ ವಾದಕ್ಕೆ ಬರೋಣ. ಸಿಯಾಚಿನ್‌ನ ಎತ್ತರಕ್ಕೆ ಏರಬಲ್ಲ ಇನ್ನೊಂದು ಹಗುರ ಹೆಲಿಕಾಪ್ಟರ್ ಇಲ್ಲ ಎಂಬುದು. ಒಂದು ಕಾಲಕ್ಕೆ ಇದು ನಿಜವಾಗಿತ್ತು. 1972ರ ಜೂನ್ 21ರಂದು ಝಾನ್ ಬುಲೆ ಎಂಬ ಫ್ರೆಂಚ್ ಪೈಲಟ್ ಲಾಮಾವನ್ನು 12,442 ಮೀಟರ್‌ವರೆಗೆ ಏರಿಸಿ, ಅಲ್ಲಿ ಎಂಜಿನ್ ಆರಿಹೋದ ಮೇಲೂ ರೆಕ್ಕೆಯ ತಿರುಗುವಿಕೆಯ ಬಲದಲ್ಲೇ ಕೆಳಗಿಳಿದು ದಾಖಲೆ ಬರೆದ. ಸಮರ್ಥಕರು ಈ ದಾಖಲೆಯನ್ನು ಮಂತ್ರದಂತೆ ಹೇಳುತ್ತಾರೆ. ಕತೆ 1972ಕ್ಕೆ ನಿಂತಿಲ್ಲ. 2005ರ ಮೇ 14ರಂದು ದಿದಿಯೆ ದೆಲ್ಸಾಲ್ ಎಂಬಾತ ಯೂರೋಕಾಪ್ಟರ್ ಕಂಪನಿಯ ಎಎಸ್350 ಬಿ3 ಹೆಲಿಕಾಪ್ಟರನ್ನು ಎವರೆಸ್ಟ್ ಶಿಖರದ ನೆತ್ತಿಯ ಮೇಲೆಯೇ ಇಳಿಸಿದ. ಅದು ಭಾರ ಇಳಿಸಿ ಹಗುರಗೊಳಿಸಿದ ಯಂತ್ರ, ಸಾಮಾನ್ಯ ಸೇವೆಗೆ ಅಳತೆಗೋಲಲ್ಲ ಎನ್ನುತ್ತಾರೆ. ಸರಿ. ಬುಲೆಯ ಲಾಮಾ ಕೂಡ ಹಾಗೆಯೇ ಹಗುರಗೊಳಿಸಿದ್ದು. ಒಂದೇ ಅಳತೆಯನ್ನು ಎರಡಕ್ಕೂ ಹಿಡಿಯಿರಿ.

ಎವರೆಸ್ಟ್ ಮೇಲೆ ಇಳಿದ ಆ ಹೆಲಿಕಾಪ್ಟರಿನ ಸೇನಾ ರೂಪದ ಹೆಸರು ಫೆನೆಕ್. ಚೀತಾ ಮತ್ತು ಅದರಂತೆಯೇ ಹಳೆಯದಾದ ಚೇತಕ್ ಹೆಲಿಕಾಪ್ಟರ್‌ಗಳ ಬದಲಿಗೆ 197 ಹೆಲಿಕಾಪ್ಟರ್ ಕೊಳ್ಳಲು ಭಾರತ ಕರೆದ ಟೆಂಡರಿನಲ್ಲಿ ಆಯ್ಕೆಯಾದದ್ದು ಅದೇ. 2007ರ ಡಿಸೆಂಬರ್‌ನಲ್ಲಿ ಆ ಟೆಂಡರ್ ರದ್ದಾಯಿತು. ಪರೀಕ್ಷೆಗೆ ತಂದದ್ದು ಸೇನಾ ಮಾದರಿಯಲ್ಲ, ನಾಗರಿಕ ಮಾದರಿ ಎಂಬುದು ಆಗ ಎದ್ದ ಮುಖ್ಯ ತಕರಾರು. ಮತ್ತೆ ಟೆಂಡರ್ ಕರೆದರು. ವರ್ಷಗಟ್ಟಲೆ ಪರೀಕ್ಷೆ ನಡೆಸಿ 2014ರ ಆಗಸ್ಟ್‌ನಲ್ಲಿ ಅದನ್ನೂ ರದ್ದುಮಾಡಿದರು. 2015ರಲ್ಲಿ ರಷ್ಯಾದ ಕಮೋವ್ 226ಟಿ ಹೆಲಿಕಾಪ್ಟರ್ 200 ಬರುತ್ತವೆಂದು ಒಪ್ಪಂದವಾಯಿತು. ಬೆಲೆಯ ಚೌಕಾಸಿಯಲ್ಲಿ ಅದೂ ಕೂತುಹೋಯಿತು. 2025ರ ಆಗಸ್ಟ್‌ನಲ್ಲಿ ರಕ್ಷಣಾ ಸಚಿವಾಲಯ 200 ಹಗುರ ಹೆಲಿಕಾಪ್ಟರ್‌ಗಳಿಗಾಗಿ ಮತ್ತೆ ಮಾಹಿತಿ ಕೋರಿಕೆ ಹೊರಡಿಸಿತು, ಸೇನೆಗೆ 120, ವಾಯುಪಡೆಗೆ 80. ಆಗ 197, ಈಗ 200. ಇಷ್ಟು ವರ್ಷದ ಬಳಿಕ ಲೆಕ್ಕಕ್ಕೆ ಸೇರಿದ್ದು ಮೂರು. ಬೇರೆ ಯಂತ್ರ ಇಲ್ಲವೆಂಬುದು ಸುಳ್ಳು. ಬೇರೆ ಯಂತ್ರ ಇತ್ತು, ಆಯ್ಕೆಯೂ ಆಗಿತ್ತು, ಕೊಳ್ಳಲಿಲ್ಲ. ಅದೇ ಕುಟುಂಬದ ಹೆಲಿಕಾಪ್ಟರನ್ನು ಎಚ್125 ಎಂಬ ಇಂದಿನ ಹೆಸರಿನಲ್ಲಿ ನಮ್ಮ ಕೋಲಾರ ಜಿಲ್ಲೆಯ ವೇಮಗಲ್‌ನಲ್ಲಿ ಜೋಡಿಸಲಾಗುವುದೆಂದು ಟಾಟಾ ಮತ್ತು ಏರ್‌ಬಸ್ 2025ರಲ್ಲಿ ಘೋಷಿಸಿದವು. 2007ರಲ್ಲಿ ತಿರಸ್ಕರಿಸಿದ ಯಂತ್ರ ನಮ್ಮ ಹಿತ್ತಲಿಗೇ ಬಂದು ನಿಲ್ಲುತ್ತಿರುವಾಗಲೂ ಇಲ್ಲ, ಇಲ್ಲ ಎನ್ನುವುದಕ್ಕೆ ಏನು ಹೇಳೋಣ?

ಸ್ವದೇಶಿಯೇ ಬೇಕೆಂದರೆ ಅದೂ ಇದೆ. ಎಚ್‌ಎಎಲ್ ಬೆಂಗಳೂರಿನಲ್ಲೇ ರೂಪಿಸಿದ ಹಗುರ ಉಪಯೋಗಿ ಹೆಲಿಕಾಪ್ಟರ್, ಎಲ್‌ಯುಎಚ್, 2016ರ ಸೆಪ್ಟೆಂಬರ್‌ನಲ್ಲಿ ಮೊದಲು ಹಾರಿತು. 2020ರಲ್ಲಿ ಲೇಹ್‌ನಿಂದ ದೌಲತ್ ಬೇಗ್ ಓಲ್ಡಿಗೆ ಹೋಯಿತು, ಸಿಯಾಚಿನ್‌ನ ಅಮರ್ ಮತ್ತು ಸೋನಂ ಹೆಲಿಪ್ಯಾಡ್‌ಗಳಲ್ಲಿ ಇಳಿಯಿತು. ಸೋನಂ ಎಂಬ ಹೆಸರು ಕನ್ನಡಿಗರಿಗೆ ಮರೆಯುವಂಥದ್ದಲ್ಲ. 2016ರ ಫೆಬ್ರವರಿ 3ರಂದು 19,600 ಅಡಿಯ ಆ ಠಾಣೆಯ ಮೇಲೆ ಹಿಮ ಕುಸಿದು, ಕುಂದಗೋಳ ತಾಲ್ಲೂಕು ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರನೆಯ ದಿನ ಜೀವಂತ ಸಿಕ್ಕರು. ಅಲ್ಲಿಂದ ಅವರನ್ನು ಕೆಳಗೆ ತಂದದ್ದು ಹೆಲಿಕಾಪ್ಟರ್. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಆ ಎತ್ತರದಲ್ಲಿ ಹೆಲಿಕಾಪ್ಟರ್ ಅಂದರೆ ಏನೆಂದು ಆ ವಾರ ಇಡೀ ಕರ್ನಾಟಕ ಅರಿತಿತ್ತು. ಅದೇ ಸೋನಂನಲ್ಲಿ ಇಳಿದು ತೋರಿಸಿದ ಯಂತ್ರ ಇರುವಾಗ, ಎತ್ತರಕ್ಕೆ ಏರುವುದು ಚೀತಾ ಒಂದೇ ಎಂಬ ವಾದದಲ್ಲಿ ಇನ್ನೇನು ಉಳಿಯಿತು?

ಇಲ್ಲಿಗೆ ಬಂದಾಗ ಎದುರಾಳಿಗಳು ದಾರಿ ಬದಲಿಸುತ್ತಾರೆ. ನಾಳೆಯಿಂದಲೇ ಚೀತಾ ನಿಲ್ಲಿಸಿದರೆ ಠಾಣೆಗಳಿಗೆ ಔಷಧ ಒಯ್ಯುವವರಾರು ಎಂದು ಕೇಳುತ್ತಾರೆ. ನಾಳೆಯಿಂದಲೇ ಎಂದು ನಾವು ಹೇಳಿಲ್ಲ. ನಾವು ಕೇಳುವುದು ಒಂದು ದಿನಾಂಕ, ಅದಕ್ಕೆ ತಕ್ಕ ಖರೀದಿ ಆದೇಶ, ಮತ್ತು ಅಲ್ಲಿಯವರೆಗೆ ಕೆಟ್ಟ ಹವೆಯಲ್ಲಿ ಹಾರಾಟಕ್ಕೆ ಬಿಗಿಯಾದ ಮಿತಿ. ಸಾಗರ ತಾಲ್ಲೂಕಿನ ಹೊಳೆಬಾಗಿಲಿನವರಾದ ನಮಗೆ ಈ ತರ್ಕದ ಪರಿಚಯ ಚೆನ್ನಾಗಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿ ಶರಾವತಿಯ ಆಚೆ ದಡದ ಊರುಗಳು ದಾರಿ ಕಳೆದುಕೊಂಡ ಮೇಲೆ ಸೇತುವೆ ಕೇಳಿದಾಗಲೆಲ್ಲ, ಲಾಂಚ್ ಓಡುತ್ತಿದೆಯಲ್ಲ, ಅದನ್ನು ನಿಲ್ಲಿಸಿದರೆ ನೀವು ದಾಟುವುದು ಹೇಗೆ ಎಂಬ ಉತ್ತರ ಸಿಗುತ್ತಿತ್ತು. ಲಾಂಚ್ ನಿಲ್ಲಿಸಿ ಎಂದು ಯಾರೂ ಕೇಳಿರಲಿಲ್ಲ. ಸಂಜೆ ಲಾಂಚ್ ನಿಂತ ಮೇಲೆ ಆಚೆ ದಡದಲ್ಲಿ ಹೆರಿಗೆ ನೋವು ಶುರುವಾದರೆ ಏನು ಗತಿ ಎಂದು ಕೇಳಿದ್ದರು. ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಇರುವುದನ್ನು ತೋರಿಸಿ ಬೇಕಾದದ್ದನ್ನು ಮುಂದೂಡುವ ಮಾತಿಗೆ ಅರುವತ್ತು ವರ್ಷ ಬಲಿಯಾದವರನ್ನು ಅದೇ ಮಾತಿನಿಂದ ಮತ್ತೆ ಒಪ್ಪಿಸಲಾಗದು.

ಹೊಸ ಯಂತ್ರಗಳೂ ಬೀಳುತ್ತವಲ್ಲ ಎಂಬುದು ಇನ್ನೊಂದು. ಎಚ್‌ಎಎಲ್‌ನ ಧ್ರುವ ಹೆಲಿಕಾಪ್ಟರ್ 2025ರ ಜನವರಿ 5ರಂದು ಪೋರಬಂದರಿನಲ್ಲಿ ಬಿತ್ತು, ಕರಾವಳಿ ಕಾವಲು ಪಡೆಯ ಮೂವರು ಸತ್ತರು ಎಂದು ನೆನಪಿಸುತ್ತಾರೆ. ನೆನಪಿಸಲೇಬೇಕು. ಆಮೇಲೆ ಏನಾಯಿತೆಂಬುದನ್ನೂ ಹೇಳಬೇಕು. ಧ್ರುವಗಳನ್ನೆಲ್ಲ ನೆಲಕ್ಕಿಳಿಸಿ ಕೂರಿಸಲಾಯಿತು, ರೆಕ್ಕೆಯ ಕೋನವನ್ನು ನಿಯಂತ್ರಿಸುವ ಸ್ವಾಶ್‌ಪ್ಲೇಟ್ ಎಂಬ ಭಾಗದಲ್ಲಿನ ಬಿರುಕಿನ ಬೆನ್ನು ಹತ್ತಲಾಯಿತು, ತಿಂಗಳುಗಟ್ಟಲೆ ಹಾರಾಟ ನಿಂತಿತು. ಯಂತ್ರ ಬಿದ್ದಾಗ ತೋರಿಸಬೇಕಾದ ಕಾಠಿಣ್ಯ ಅದು. ಚೀತಾ ವಿಷಯದಲ್ಲಿ ಅಷ್ಟೇ ಕಾಠಿಣ್ಯ ಬೇಕೆಂದು ನಾವು ಕೇಳಿದರೆ ಮಾತ್ರ, ಹೊಸದೂ ಬೀಳುತ್ತದೆ ಎಂಬ ಉತ್ತರ! ಹೊಸದು ಬಿದ್ದದ್ದರಿಂದ ಹಳೆಯದು ಸುರಕ್ಷಿತ ಎಂಬ ತೀರ್ಮಾನ ಯಾವ ತರ್ಕಶಾಸ್ತ್ರದಲ್ಲಿದೆಯೋ ತಿಳಿಯದು.

ಎಚ್‌ಎಎಲ್ ಕನ್ನಡ ನಾಡಿನ ಹೆಮ್ಮೆ, ಅದು ಮಾಡಿದ ಯಂತ್ರವನ್ನು ದೂರುವುದು ನಮ್ಮವರನ್ನೇ ದೂರಿದಂತೆ ಎಂಬ ಮಾತು ಕರ್ನಾಟಕದಲ್ಲಿ ವಿಶೇಷವಾಗಿ ಕೇಳಿಬರುತ್ತದೆ. ಹೆಮ್ಮೆ ನನಗೂ ಇದೆ. ಆದರೆ ಚೀತಾ ಫ್ರೆಂಚರ ವಿನ್ಯಾಸ. ಎಚ್‌ಎಎಲ್ ಎಂಜಿನಿಯರುಗಳು ತಮ್ಮ ತಲೆಯಿಂದ ತೆಗೆದದ್ದು ಎಲ್‌ಯುಎಚ್. ಸೇನೆ ಮತ್ತು ವಾಯುಪಡೆಗೆ ಒಟ್ಟು 187 ಎಲ್‌ಯುಎಚ್ ಬೇಕೆಂಬ ಅಂದಾಜಿದ್ದರೂ 2021ರ ನವೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿದ್ದು 12ಕ್ಕೆ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆಗೆ 2016ರಲ್ಲಿ ಅಡಿಗಲ್ಲು ಬಿತ್ತು, 2023ರ ಫೆಬ್ರವರಿ 6ರಂದು ಉದ್ಘಾಟನೆಯೂ ಆಯಿತು. ಮೊದಲ ಹಂತದಲ್ಲೇ ವರ್ಷಕ್ಕೆ 30 ತಯಾರಿಸುವ ಶಕ್ತಿ ಅದಕ್ಕಿದೆಯೆಂದು ಸಾರಲಾಯಿತು. ಇಂಥ ಕಾರ್ಖಾನೆಗೆ 12ರ ಆದೇಶ ಕೊಟ್ಟವರು ಎಚ್‌ಎಎಲ್‌ಗೆ ಗೌರವ ತೋರಿದರೇ? ಆಟೊಪೈಲಟ್ ಹೊಂದಿಸುವಲ್ಲಿ ಆದ ತಡಕ್ಕೆ ಎಚ್‌ಎಎಲ್ ಕೂಡ ಉತ್ತರ ಹೇಳಬೇಕು, ಅದನ್ನೂ ಮುಚ್ಚಿಡುವ ಅಗತ್ಯವಿಲ್ಲ. ನಿಮ್ಮದೇ ಹೊಸ ಯಂತ್ರವನ್ನು ಹೊರತನ್ನಿ ಎಂದು ಒತ್ತಾಯಿಸುವುದು ಆ ಸಂಸ್ಥೆಗೆ ದ್ರೋಹ ಹೇಗಾದೀತು?

ಇಂಥ ಚರ್ಚೆಯಿಂದ ಸೈನಿಕರ ಮನೋಬಲ ಕುಗ್ಗುತ್ತದೆ, ಹೊರಗಿನವರು ಸುಮ್ಮನಿರಬೇಕು ಎನ್ನುವವರಿಗೆ ಎರಡೇ ಮಾತು. 2015ರಲ್ಲಿ ಚೀತಾ, ಚೇತಕ್‌ಗಳನ್ನು ಹಿಂದಕ್ಕೆ ಪಡೆಯಿರಿ ಎಂದು ಆಗಿನ ರಕ್ಷಣಾ ಸಚಿವ ಮನೋಹರ ಪರಿಕ್ಕರ್ ಅವರ ಮುಂದೆ ಹೋದವರು ಹೊರಗಿನವರಾಗಿರಲಿಲ್ಲ, ಸೇನಾಧಿಕಾರಿಗಳ ಪತ್ನಿಯರು. ಅದಾದ ಮೇಲೆ 2016ರ ನವೆಂಬರ್‌ನಲ್ಲಿ ಸುಕನಾದಲ್ಲಿ, 2019ರ ಸೆಪ್ಟೆಂಬರ್‌ನಲ್ಲಿ ಭೂತಾನಿನಲ್ಲಿ, 2022ರ ಅಕ್ಟೋಬರ್‌ನಲ್ಲಿ ತವಾಂಗ್ ಬಳಿ ಚೀತಾಗಳು ಬಿದ್ದು ಅಧಿಕಾರಿಗಳು ಸತ್ತರು. ಮನೋಬಲ ಕುಗ್ಗಿಸಿದ್ದು ಆ ಮನವಿಯೋ, ಆ ಮನವಿಗೆ ಸಿಕ್ಕ ಮೌನವೋ?

ಉಳಿದದ್ದು ತಾಳ್ಮೆಯ ವಾದ. ಪ್ರಕ್ರಿಯೆ ನಡೆಯುತ್ತಿದೆ, 2027ರಿಂದ ಹಂತಹಂತವಾಗಿ ಹಳೆಯವನ್ನು ಕೆಳಗಿಳಿಸಿ ಹತ್ತು ಹನ್ನೆರಡು ವರ್ಷದಲ್ಲಿ ಪೂರ್ತಿ ಬದಲಿಸುತ್ತೇವೆ ಎಂಬ ಯೋಜನೆ ಸುದ್ದಿಯಲ್ಲಿದೆ. ಎಲ್ಲವೂ ಹೇಳಿದಂತೆಯೇ ನಡೆದರೂ ಕೊನೆಯ ಚೀತಾ ಇಳಿಯುವುದು 2037ರಿಂದ 2039ರ ನಡುವೆ. ಆ ಹೊತ್ತಿಗೆ ಅದರ ವಿನ್ಯಾಸಕ್ಕೆ ಎಪ್ಪತ್ತು ವರ್ಷ. ಹೇಳಿದಂತೆ ನಡೆಯುವ ಖಾತ್ರಿ ಎಷ್ಟು ಎಂಬುದಕ್ಕೆ 2007, 2014, 2015ರ ಕತೆಗಳು ಮೇಲೆಯೇ ಇವೆ. ತಾಳ್ಮೆ ಕೇಳುವವರು ಮೊದಲು ಮೂರು ವಿಷಯ ಬಹಿರಂಗಪಡಿಸಲಿ: ಪ್ರತಿ ಚೀತಾ ಅಪಘಾತದ ವಿಚಾರಣೆಯ ಸಾರಾಂಶ, ಎಲ್‌ಯುಎಚ್ ಹಸ್ತಾಂತರದ ವರ್ಷವಾರು ಪಟ್ಟಿ, ಹದಿನೈದು ಸಾವಿರ ಅಡಿಯ ಮೇಲೆ ಕೊನೆಯ ಚೀತಾ ಹಾರುವ ದಿನ. ಈ ಮೂರು ಕೈಗೆ ಬಂದ ಮೇಲೆ ತಾಳ್ಮೆಯ ಬಗ್ಗೆ ಮಾತಾಡಲು ನಾವು ಸಿದ್ಧ.